ಹದಿನೈದನೇ ಮೆಟ್ಟಿಲು

ಆ ಮನೆಗೆ ಮೆಟ್ಟಿಲು ಹದಿನಾಲ್ಕೇ.
ಹದಿನೈದಕ್ಕೆ ಕಾಲಿಟ್ಟರೆ ಬರೀ ಗಾಳಿ,
ಕೆಳಗೆ ತೋಳು ಚಾಚಿ ನಿಂತ ಲೈಟ್‌ಬಾಯ್,
ಅವನ ಬಾಯಲ್ಲಿ ಆರಿದ ಬೀಡಿ.
ನೋಡಿದವರಿಗೆಲ್ಲ ಅದು ಲಖನೌದ ಹವೇಲಿ,
ಮೂರು ತಲೆಮಾರು ಬಾಳಿದ್ದು.
ನನಗೆ ದಾದರಿನ ಸ್ಟುಡಿಯೋ, ಪ್ಲೈವುಡ್ಡು,
ಹಸಿ ಬಣ್ಣದ ವಾಸನೆ.

ನನಗಾಗ ಏಳು. ಹೆಸರು ಖೋರ್ಶೆದ್.
ಪರದೆಯ ಮೇಲೆ ಬೇಬಿ ಛಾಯಾ.
ತುಳಸಿಗೆ ನೀರು ಹೊಯ್ಯುವುದು ಹೇಗೆಂದು
ಅಸಿಸ್ಟೆಂಟ್ ಒಬ್ಬ ಚೊಂಬು ಹಿಡಿದು ಕಲಿಸಿದ.
ನಮ್ಮ ಮನೆಯಲ್ಲಿದ್ದದ್ದು ಕೆಂಡ, ಗಂಧದ ಚಕ್ಕೆ,
ಹೊಸಿಲಲ್ಲಿ ಸುಣ್ಣದ ಪುಡಿಯ ಮೀನು.
ತಾರ್‌ದೇವದಲ್ಲಿ ಅಪ್ಪನ ಗಡಿಯಾರದಂಗಡಿ ಮುಳುಗಿತ್ತು.
ನಾನು ಕೈಮುಗಿದು ತುಳಸಿ ಸುತ್ತಿದ ತಿಂಗಳು
ಬಾಡಿಗೆ ಕಟ್ಟಿದೆವು.

ಒಂದು ಹಾಡಿತ್ತು. ನೀವೂ ಕೇಳಿರುತ್ತೀರಿ.
ಅಣ್ಣತಮ್ಮಂದಿರು ಅಂಗಳಕ್ಕೆ ಗೆರೆ ಎಳೆದ ಮೇಲೆ
ಆಚೆ ಉಳಿದ ದೊಡ್ಡಮ್ಮನನ್ನು
ಈಚೆಯಿಂದ ಮಗು ಕರೆಯುವ ಹಾಡು.
ತುಟಿ ನನ್ನದು. ದನಿ
ನಲವತ್ತು ದಾಟಿದ, ದಪ್ಪ ಕನ್ನಡಕದ ಒಬ್ಬಾಕೆಯದು.
ರೆಕಾರ್ಡಿಂಗಿಗೆ ಅಮ್ಮ ಕರೆದೊಯ್ದಿದ್ದಳು.
ಆಕೆ ಚಪ್ಪಲಿ ಬಿಟ್ಟು, ಬಾಯಲ್ಲಿದ್ದ ಲವಂಗ ತೆಗೆದು
ಸೆರಗಿನ ತುದಿಗೆ ಗಂಟು ಹಾಕಿ
ಮೈಕಿನ ಮುಂದೆ ತುದಿಗಾಲಲ್ಲಿ ನಿಂತಳು;
ನಿಂತವಳೇ ಏಳು ವರ್ಷದವಳಾದಳು.
ನಾನು ಅಮ್ಮನ ಸೀರೆ ಹಿಡಿದೆ.
ನನ್ನ ಗಂಟಲಿಂದ ಯಾರೋ ಕದ್ದ ಹಾಗೆ,
ಅಲ್ಲ, ಅಲ್ಲಿ ಎಂದೂ ಇರದಿದ್ದುದನ್ನು
ತಗೋ ನಿನ್ನದೇ ಎಂದು ಕೊಟ್ಟ ಹಾಗೆ.

ಹಿಂದೆ ಹದಿನಾರು ಪಿಟೀಲು.
ಗೋವೆಯ ಅಲೋಶಿಯಸ್ ಅಂಕಲ್‌ನ ಮ್ಯಾಂಡೊಲಿನ್
ಎರಡನೇ ಚರಣಕ್ಕೆ ಮೊದಲು ಒಂದು ಸ್ವರ ತಡವಾಯಿತು.
ತಪ್ಪಾಯಿತು, ಇನ್ನೊಮ್ಮೆ, ಎಂದ.
ಸಂಗೀತ ನಿರ್ದೇಶಕರು ಮುಚ್ಚಿದ ಕಣ್ಣು ತೆರೆಯದೆ
ಇರಲಿ ಬಿಡು, ಅಂದರು.
ಇವತ್ತಿಗೂ ಜನ ಅಳುವುದು ಅಲ್ಲೇ.

ಇನ್ನು ಕುಮುದ್‌ಜೀ, ನನ್ನ ದೊಡ್ಡಮ್ಮ.
ಹಿಟ್ಟು ನಾದುತ್ತಿರುವಾಗ ಗಂಡ ಬಂದು
ಪಾಲಾಯಿತು ಎನ್ನಬೇಕು. ಇವರು ಅಳಬೇಕು.
ಮೇಕಪ್ಪಿನ ಯಾಸೀನ್ ಚಾಚಾ
ಗ್ಲಿಸರಿನ್ ಸೀಸೆ ಹಿಡಿದು ಕಾದಿದ್ದರು. ಬೇಡವೆಂದರು.
ಅಳಲೂ ಇಲ್ಲ.
ಮುದ್ದೆಯಿಂದ ಅರ್ಧ ಮುರಿದು
ಮತ್ತೆ ಡಬ್ಬಕ್ಕೆ ಹಾಕಲು ಕೈ ನೀಡಿದರು.
ಕಲಸಿದ ಹಿಟ್ಟು ಡಬ್ಬ ಸೇರುವುದುಂಟೆ?
ಹಿಡಿದುಕೊಂಡೇ ನಿಂತರು.
ಬರೆದ ಹಾಳೆಯಲ್ಲಿ ಅದಿರಲಿಲ್ಲ.
ಕಟ್ ಅನ್ನುವುದನ್ನು ಎಲ್ಲರೂ ಮರೆತರು.
ಮೇಲೆಲ್ಲೋ ದೀಪವೊಂದು ಚಟ್ಟೆಂದಿತು.

ನಾನು ಮೂಲೆಯಲ್ಲಿ ಆ ಹಿಟ್ಟನ್ನೇ ನೋಡುತ್ತಿದ್ದೆ.
ಬೆಳಗಿನಿಂದ ಹೊಟ್ಟೆ ತಾಳ ಹಾಕುತ್ತಿತ್ತು.
ಆ ನೋಟವನ್ನು ಪತ್ರಿಕೆಗಳು
ಮುಗ್ಧ ಮಗುವಿನ ಮೂಕವೇದನೆ ಎಂದವು.

ಆಮೇಲೆ ಕುಮುದ್‌ಜೀ ಸ್ಟವ್ ತರಿಸಿ
ಅದೇ ಹಿಟ್ಟಿನಲ್ಲಿ ಎರಡು ರೊಟ್ಟಿ ಸುಟ್ಟರು. ಒಂದು ನನಗೆ.
ಇನ್ನೊಂದು, ಹೊರಗೆ ತಗಡಿನ ಕುರ್ಚಿಯಲ್ಲಿ
ದಿನಗೂಲಿ ಲೆಕ್ಕ ಹಾಕುತ್ತ ಕೂತ ಅಮ್ಮನಿಗೆ.
ಅಮ್ಮ ತಿನ್ನಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ತಂದು
ಅಪ್ಪನ ಮುಂದಿಟ್ಟಳು:
ನಿನ್ನ ಮಗಳಿಗೆ ಇನ್ನೊಬ್ಬ ತಾಯಿ ಸಿಕ್ಕಿದ್ದಾಳೆ.
ಗುಜರಾತಿಯಲ್ಲಿ ಅದು ತಮಾಷೆಯಂತೆಯೇ ಕೇಳಿಸಿತು.

ಎಷ್ಟೋ ವರ್ಷಗಳ ಮೇಲೆ, ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ,
ಮೊಣಕಾಲ ಮೇಲೆ ಸೊಪ್ಪಿನ ಚೀಲ.
ಕೂತ್ಕೋ ಬೇಟಿ, ಎಂದು ಸರಿದು ಜಾಗ ಕೊಟ್ಟರು.
ಎಲ್ಲರನ್ನೂ ಹಾಗೇ ಕರೆಯುತ್ತಿದ್ದರು ಅಂತ ಕಾಣುತ್ತದೆ.
ಮಾಟುಂಗಾ ಬಂತು, ಮಾಹಿಮ್ ಬಂತು.
ನಾನು ಹೇಳಲಿಲ್ಲ.

ಈಗ ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಅದು ಬಂದರೆ
ಪಕ್ಕದ ಮನೆಯ ಹಂಸಾಬೆನ್ ಬಟಾಣಿ ಸುಲಿಯಲು ಇಲ್ಲಿಗೇ ಬರುತ್ತಾಳೆ.
ಹಾಡಿಗೆ ನನ್ನ ತುಟಿ ತಾನೇ ಆಡುತ್ತದೆ;
ದನಿ ತೆಗೆಯುವುದಿಲ್ಲ, ಅದು ನನ್ನ ಕೆಲಸವಲ್ಲ.
ಕೊನೆಗೆ ಹುಡುಗಿ ಗೆರೆ ದಾಟಿ
ದಡದಡ ಮೆಟ್ಟಿಲೇರಿ ಮರೆಯಾಗುತ್ತಾಳೆ.
ಹಂಸಾಬೆನ್ ಮೂಗೊರೆಸಿಕೊಂಡು ಕೇಳುತ್ತಾಳೆ:
ಮೇಲಿನ ಕೋಣೆಯಲ್ಲಿ ಏನೇನಿತ್ತು?

ಮೊದಮೊದಲು ಎರಡು ಟ್ರಂಕು ಅಂದಿದ್ದೆ.
ಆಮೇಲೆ ಬೀದಿಗೆ ತೆರೆಯುವ ಕಿಟಕಿ.
ಒಂದು ಮಂಚ, ಅದರಡಿ ಬೆಕ್ಕು.
ಈ ವಾರ
ಗೋಡೆ ಗಡಿಯಾರವೊಂದನ್ನು ತಂದು ತೂಗುಹಾಕಿದೆ.
ಸರಿಯಾಗಿ ನಡೀತಿತ್ತಾ, ಅಂದಳು.
ಐದು ನಿಮಿಷ ಹಿಂದೆ, ಅಂದೆ,
ಅಪ್ಪ ಕೀ ಕೊಡುತ್ತಿದ್ದರು.